ವಿಷಾನಿಲದ ವಾಸನೆ ಹಿಡಿದ ಎನಾಕ್ ಸಗ್ಡನ್

ಎರಡನೇ ಮಹಾಯುದ್ಧ ಶುರುವಾದ ಮೇಲೆ ಯಾರ್ಕ್‌ಷೈರಿನ ಸ್ಕೆಲ್‌ಬಿ ಊರಿನಲ್ಲಿ ಎಲ್ಲರಿಗೂ ಒಂದೊಂದು ಕೆಲಸ ಸಿಕ್ಕಿತು, ಎನಾಕ್ ಸಗ್ಡನ್‌ಗೆ ಮಾತ್ರ ಸಿಗಲಿಲ್ಲ. ಹಾಗೆಂದು ಅವನೇನೂ ಮನೆಯಲ್ಲಿ ಕೂತು ತಿನ್ನುವ ಗಿರಾಕಿಯಲ್ಲ. ಪೇಟೆಬೀದಿಯ ಟೊಪ್ಪಿ ಅಂಗಡಿಯಲ್ಲಿ ಬಂದವರ ತಲೆ ಅಳೆದು, ತಲೆ ಚಿಕ್ಕದಾದರೆ ಟೊಪ್ಪಿಯೊಳಗೆ ಕಾಗದ ಮಡಚಿಟ್ಟು, "ನಿಮಗೆಂದೇ ಮಾಡಿಸಿದ ಹಾಗಿದೆ ಸಾರ್" ಎನ್ನುವ ಉದ್ಯೋಗ ಅವನಿಗೆ ಮೊದಲಿನಿಂದಲೂ ಇತ್ತು. ಆದರೆ ಅದು ಯುದ್ಧದ ಕೆಲಸವಲ್ಲವಲ್ಲ! ಬೆಂಕಿ ಆರಿಸುವ ದಳದವರು ಅವನ ಮಂಡಿ ನೋಡಿ ಬೇಡವೆಂದರು. ಸ್ಟ್ರೆಚರ್ ದಳದವರು ಅವನ ಬೆನ್ನು ನೋಡಿ, "ಕೊನೆಗೆ ನಿನ್ನನ್ನೇ ಹೊರಬೇಕಾದೀತು ಮಾರಾಯ" ಎಂದರು. ಮರಳು ಚೀಲ ತುಂಬಲು ಹೋದ. ಅವನು ಕಟ್ಟಿದ ಚೀಲಗಳೆಲ್ಲ ಒಂದೇ ಮಳೆಗೆ ಬಾಯಿಬಿಟ್ಟು, ಪುರಭವನದ ಮೆಟ್ಟಿಲುಗಳು ಸಮುದ್ರತೀರವಾದವು.

ಈ ಸೋಲುಗಳಲ್ಲಿ ಒಂದೂ ಮರೆತುಹೋಗದಂತೆ ನೋಡಿಕೊಳ್ಳಲು ಮನೆಯಲ್ಲಿ ಅತ್ತೆಯಿದ್ದರು. ಹೆಂಡತಿ ಫೀಬಿಯ ತಾಯಿ, ಆಗಸ್ಟಾ ಹೆಪ್‌ವರ್ತ್. ಗಂಡ ತೀರಿಕೊಂಡ ಮೇಲೆ ವಾರದ ಮಟ್ಟಿಗೆ ಮಗಳ ಮನೆಗೆ ಬಂದವರು ಅಲ್ಲಿಯೇ ವರ್ಷಗಟ್ಟಲೆ ಬೇರುಬಿಟ್ಟಿದ್ದರು. ಅಳಿಯನನ್ನು ಅವರು ಯಾವತ್ತೂ ಏಕವಚನದಲ್ಲಿ ಕರೆದವರಲ್ಲ. ಅವರ ಬಹುವಚನವೇ ಸಾಕಾಗುತ್ತಿತ್ತು.

"ಅಳಿಯಂದಿರೇ, ಎದುರುಮನೆ ಬೆಕ್ಕಿಗೂ ಗೋದಾಮಲ್ಲಿ ಇಲಿ ಹಿಡಿಯೋ ಸರ್ಕಾರಿ ಕೆಲಸ ಆಯ್ತಂತೆ. ನೀವು ಯೋಚ್ನೆ ಮಾಡ್ಬೇಡಿ, ಇನ್ನೊಂದು ಬ್ರೆಡ್ಡು ತಗೊಳ್ಳಿ."

ಹೀಗಿರುವಾಗ ಚಳಿಗಾಲದ ಒಂದು ಸಂಜೆ ಪ್ರಾರ್ಥನಾ ಮಂದಿರದ ಹಿಂದಿನ ಕೋಣೆಯಲ್ಲಿ ವಿಷಾನಿಲದ ತರಗತಿ ನಡೆಯಿತು. ಬಾಂಬಿನ ಜೊತೆ ಶತ್ರು ವಿಷದ ಗಾಳಿಯನ್ನೂ ಬಿಡಬಹುದು, ಅದನ್ನು ವಾಸನೆಯಿಂದಲೇ ಹಿಡಿಯಬೇಕು ಎಂದು ತಿಳಿಹೇಳಲು ಜಿಲ್ಲಾ ಕಚೇರಿಯಿಂದ ಒಬ್ಬ ಬೋಧಕ ಬಂದಿದ್ದ. ಬೀದಿಯವರೆಲ್ಲ ನೆರೆದಿದ್ದರು. ಮುಂದಿನ ಸಾಲಿನಲ್ಲಿ, ವಿಮಾನದಾಳಿಯಿಂದ ಬೀದಿ ಕಾಯುವ ಮುಖ್ಯ ವಾರ್ಡನ್ ಜಾಬ್ ಮಾಲಿನ್ಸನ್. ಮೂಲತಃ ಮಾಂಸದಂಗಡಿಯವನು, ಉಕ್ಕಿನ ಟೊಪ್ಪಿ ತಲೆಗೇರಿದ ದಿನದಿಂದ ಸೇನಾಪತಿ. ಅವನ ಹಿಂದೆ ಅತ್ತೆ, ಫೀಬಿ, ಎನಾಕ್.

ಎನಾಕನಿಗೆ ನಶ್ಯದ ಚಟ. ತಾತನ ಕಾಲದಿಂದ ಬಂದ ಬಳುವಳಿ. ಹದಿಹರೆಯದಿಂದಲೂ ಚಿಟಿಕೆ ಚಿಟಿಕೆಯಾಗಿ ಏರಿಸಿ ಏರಿಸಿ ಅವನ ಮೂಗು ಎಂದೋ ಸತ್ತುಹೋಗಿತ್ತು. ಗುಲಾಬಿಯೂ ಒಂದೇ, ಗಟಾರವೂ ಒಂದೇ. ಇದು ಯಾರಿಗೂ ಗೊತ್ತಿರಲಿಲ್ಲ, ಏಕೆಂದರೆ ಒಬ್ಬ ಟೊಪ್ಪಿ ಅಂಗಡಿಯವನ ಮೂಗಿನ ಬಗ್ಗೆ ವಿಚಾರಿಸುವ ಪ್ರಸಂಗ ಯಾರಿಗೆ ತಾನೆ ಬರುತ್ತದೆ?

ಆ ಪ್ರಸಂಗ ಆ ಸಂಜೆಯೇ ಬಂತು. ಬೋಧಕ ಕೇಳಿದ: "ನಿಮ್ಮಲ್ಲಿ ಯಾರ ಮೂಗು ಚುರುಕು? ಬೀದಿಗೆ ಒಬ್ಬ ಅನಿಲ ಪರೀಕ್ಷಕ ಬೇಕು."

ಅದೇ ಗಳಿಗೆಗೆ ಎನಾಕ್ ಯಾರಿಗೂ ಕಾಣದಂತೆ ಒಂದು ಚಿಟಿಕೆ ನಶ್ಯ ತೆಗೆದು ಮೂಗಿನ ಹತ್ತಿರ ತಂದಿದ್ದ. ಬೋಧಕನ ಕಣ್ಣಿಗೆ ಕಂಡದ್ದು ಇಷ್ಟು: ಎರಡು ಬೆರಳನ್ನು ಗಂಭೀರವಾಗಿ ಮೂಗಿಗೆ ಮುಟ್ಟಿಸಿ, ಎದೆ ಸೆಟೆಸಿ ಕೂತ ಒಬ್ಬ ಸದ್ಗೃಹಸ್ಥ.

"ಆ ನೋಡಿ! ನೀವು. ಎದ್ದು ನಿಲ್ಲಿ."

ಎನಾಕ್ ಎದ್ದು ನಿಂತ. ಅಲ್ಲ ಸ್ವಾಮಿ, ನಾನು ಸೀನಲಿಕ್ಕೆ ಹೊರಟಿದ್ದೆ ಎಂದು ಹೇಳಬಹುದಿತ್ತು. ಆದರೆ ಅತ್ತೆ ತಿರುಗಿ ನೋಡಿದರು. ಆ ನೋಟದಲ್ಲಿ ಎದುರುಮನೆಯ ಬೆಕ್ಕಿತ್ತು.

"ನನ್ನ ಮೂಗೇನೂ ಅಂಥಾ ಮಹಾ ಅಲ್ಲ," ಎಂದ ಎನಾಕ್ ಗಂಟಲು ಸರಿಮಾಡಿಕೊಂಡು. "ಒಂದು ಟೊಪ್ಪಿ ಮೂಸಿ ನೋಡಿ ಯಾರ ತಲೆದು ಅಂತ ಹೇಳಬಲ್ಲೆ, ಅಷ್ಟೇ."

ಕೋಣೆಯಲ್ಲಿ ಗುಸುಗುಸು ಎದ್ದಿತು. ಮಾಲಿನ್ಸನ್ ಚಪ್ಪಾಳೆ ತಟ್ಟಿದ. ಅತ್ತೆಯ ಬಾಯಿ ಅರ್ಧ ತೆರೆದು ಹಾಗೆಯೇ ನಿಂತಿತು. ಎನಾಕನ ಸಂಸಾರ ಜೀವನದಲ್ಲಿ ಅಂಥ ದೃಶ್ಯ ಅದೇ ಮೊದಲು.

ಪರೀಕ್ಷೆಯೂ ಅಲ್ಲಿಯೇ ನಡೆಯಿತು. ಬೋಧಕ ಬೇರೆ ಬೇರೆ ವಿಷಾನಿಲಗಳ ವಾಸನೆ ತುಂಬಿದ ಸಣ್ಣ ಸೀಸೆಗಳ ಬಿರಡೆ ತೆಗೆದು ಕೈಯಿಂದ ಕೈಗೆ ದಾಟಿಸಿದ. ಎನಾಕನ ಪಕ್ಕದಲ್ಲಿ ಕೂತವರು ಇಲಿಂಗ್‌ವರ್ತ್ ಟೀಚರು. ಊರಿನ ಅರ್ಧ ಜನಕ್ಕೆ ಮಗ್ಗಿ ಕಲಿಸಿ ನಿವೃತ್ತಿಯಾದವರು. ಎನಾಕನಿಗೂ ಕಲಿಸಿದ್ದರು, ಅವನು ಕಲಿತಿರಲಿಲ್ಲ. ದಡ್ಡ ಹುಡುಗ ಉತ್ತರಕ್ಕಾಗಿ ತಡಕಾಡುವುದನ್ನು ಕಂಡರೆ ಅವರಿಗೆ ಈಗಲೂ ತಡೆದುಕೊಳ್ಳಲಾಗುತ್ತಿರಲಿಲ್ಲ. "ಕೊಳೆತ ಹುಲ್ಲು," ಎಂದು ತುಟಿಯಂಚಿನಲ್ಲಿ ಪಿಸುಗುಟ್ಟಿದರು. "ಕೊಳೆತ ಹುಲ್ಲು!" ಎಂದು ಎನಾಕ್ ಘೋಷಿಸಿದ. "ಜೆರೇನಿಯಂ ಹೂವು." "ಜೆರೇನಿಯಂ!" ಬೋಧಕನಿಗೆ ಸಂತೋಷವೋ ಸಂತೋಷ.

ಕೊನೆಯ ಸೀಸೆ ದಾರಿಯಲ್ಲಿ ಸೋರಿ ಬರಿದಾಗಿತ್ತು. "ಇದು ಸಾಸಿವೆ ಅನಿಲದ ಮಾದರಿ. ಎಲ್ಲಕ್ಕಿಂತ ಘೋರ. ಮೈಮೇಲೆ ಬಿದ್ರೆ ಬೊಬ್ಬೆ ಏಳುತ್ತೆ. ಹೆಸರು ಸಾಸಿವೆ, ಆದ್ರೆ ವಾಸನೆ ಬೆಳ್ಳುಳ್ಳಿದು," ಎಂದ ಬೋಧಕ.

"ಬೆಳ್ಳುಳ್ಳಿ ಅಂದ್ರೆ ಏನ್ ಸ್ವಾಮಿ?" ಎಂದು ಮಾಲಿನ್ಸನ್ ಕೇಳಿದ.

ಬೋಧಕ ತಡವರಿಸಿದ. ಅವನೂ ಕಂಡವನಲ್ಲ. "ಅದು... ಫ್ರಾನ್ಸ್ ಕಡೆಯವರು ತಿಂತಾರಂತೆ. ಈರುಳ್ಳಿಗೆ ದಾಯಾದಿ ಅಂತ ಇಟ್ಕೊಳ್ಳಿ. ಬಂದ್ರೆ ಗೊತ್ತಾಗುತ್ತೆ."

ಹೀಗೆ ಸ್ಕೆಲ್‌ಬಿಯ ಬೆಕ್ ಬೀದಿಗೆ ಎನಾಕ್ ಸಗ್ಡನ್ ಅನಿಲ ಪರೀಕ್ಷಕನಾದ. ಒಂದು ಬಿಳಿಯ ಉಕ್ಕಿನ ಟೊಪ್ಪಿ, ಅಪಾಯ ಸಾರಲು ಕೈಯಲ್ಲಿ ತಿರುಗಿಸಿದರೆ ಕಟಕಟನೆ ಅರಚುವ ದೊಡ್ಡ ಮರದ ಗಿಲಕಿ, ಅಪಾಯ ಕಳೆಯಿತೆಂದು ಸಾರಲು ಒಂದು ಕೈಗಂಟೆ ಅವನಿಗೆ ದೊರೆತವು.

ಅಂದಿನಿಂದ ಅವನ ಮೂಗಿಗೆ ಬಿಡುವಿಲ್ಲದಾಯಿತು. ಚರಂಡಿ ನಾರಿದರೆ ಕರೆದರು. ಹಾಲು ಒಡೆದಂತೆ ಅನಿಸಿದರೆ ಲೋಟ ಹಿಡಿದು ಬಂದರು. ಎನಾಕ್ ಮೂಸುವಂತೆ ಮೂಸಿ, ಹುಬ್ಬು ಗಂಟಿಕ್ಕಿ, "ಹ್ಞಾಂ. ಪರಿಶೀಲಿಸಬೇಕು," ಎನ್ನುತ್ತಿದ್ದ. ಆಮೇಲೆ ಏನೋ ಕೆಲಸದ ನೆವದಲ್ಲಿ ಇಲಿಂಗ್‌ವರ್ತ್ ಟೀಚರನ್ನು ಆ ಕಡೆ ಕರೆತಂದು, "ನಿಮ್ಮ ಅಭಿಪ್ರಾಯ ಏನು ಟೀಚರ್?" ಎಂದು ಕೇಳಿ, ಅವರು ಹೇಳಿದ್ದಕ್ಕೆ, "ಸರಿಯಾಗಿ ಹೇಳಿದ್ರಿ" ಎಂದು ತಲೆದೂಗುತ್ತಿದ್ದ. ಕೀರ್ತಿ ಬೆಳೆಯಿತು. ಭಾನುವಾರದ ಊಟದಲ್ಲಿ ಅತ್ತೆ ದೊಡ್ಡ ಮಾಂಸದ ತುಂಡನ್ನು ತಟ್ಟೆಯಲ್ಲಿ ಅಳಿಯನ ಕಡೆಗೆ ಒಂದಿಷ್ಟು ಸರಿಸತೊಡಗಿದರು.

ಬೇಸಿಗೆ ಬಂತು. ಫ್ರಾನ್ಸ್ ಶತ್ರುವಿನ ಕೈಗೆ ಬಿದ್ದುಹೋಯಿತು. ಊರಿಗೆ ಊರೇ ಒಂಟಿಗಾಲಲ್ಲಿ ನಿಂತಿತು. ಕರಾವಳಿಯ ಕಡೆ ಬಾಂಬು ಬೀಳುತ್ತಿದೆಯಂತೆ, ಪಕ್ಕದ ಊರಿನಲ್ಲಿ ಸೈರನ್ ಕೂಗಿತಂತೆ ಎಂಬ ಸುದ್ದಿ ದಿನಾ ಬರುತ್ತಿತ್ತು. ಸ್ಕೆಲ್‌ಬಿಗೆ ಮಾತ್ರ ಏನೂ ಬರುತ್ತಿರಲಿಲ್ಲ. ಬರುವುದು ಬಂದಾದರೂ ಹೋಗಲಿ ಎನ್ನುವ ಹಾಗಾಗಿತ್ತು ಜನಕ್ಕೆ. ಹಾಲಿನವನ ಕೈಯಿಂದ ಡಬ್ಬಿ ಜಾರಿದರೆ ಹೆಂಗಸರು ಮೇಜಿನಡಿ ಸೇರುತ್ತಿದ್ದರು. ಯಾರಿಗೂ ಒಂದು ಕಡೆ ಕೂರಲಾಗದು. ಕೂತವರು ಏಳುವರು, ಎದ್ದವರು ಕಿಟಕಿಗೆ ಹೋಗುವರು, ಕಿಟಕಿಯಿಂದ ಆಕಾಶ ನೋಡಿ ಮತ್ತೆ ಕೂರುವರು. ಮಾಲಿನ್ಸನ್ ಗಿರಾಕಿಗೆ ಮಾಂಸ ಕಡಿಯುತ್ತ ಕಡಿಯುತ್ತಲೇ ಕತ್ತಿ ಹಿಡಿದು ಬೀದಿಗೆ ಬಂದು ಮೇಲೆ ನೋಡುತ್ತಿದ್ದ. ಹೊಸಬರು ಕಂಡರೆ ಜನ ಬೆನ್ನಟ್ಟುತ್ತಿದ್ದರು.

ಜುಲೈ ತಿಂಗಳ ಒಂದು ಭಾನುವಾರ. ಗಾಳಿಯಿಲ್ಲದ ಬಿಸಿಲು. ಪ್ರಾರ್ಥನೆ ಮುಗಿಸಿ ಜನ ಬೆಕ್ ಬೀದಿಗೆ ತಿರುಗುತ್ತಿದ್ದಂತೆ ಅತ್ತೆ ಗಕ್ಕನೆ ನಿಂತರು.

"ಅಳಿಯಂದಿರೇ, ಇದೇನು ವಾಸನೆ?"

ಎನಾಕ್ ಆ ದಿನ ಕರ್ತವ್ಯದ ಮೇಲಿದ್ದ. ಉಕ್ಕಿನ ಟೊಪ್ಪಿ ತಲೆಯ ಮೇಲೆ, ಗಿಲಕಿ ಸೊಂಟದಲ್ಲಿ. ಅವನು ಮೂಗನ್ನು ಮೇಲೆತ್ತಿ ಉಸಿರೆಳೆದ. ಬೇಸಿಗೆಯ ಬಿಸಿ ಗಾಳಿ ಒಳಗೆ ಹೋಯಿತು, ಹೊರಗೆ ಬಂತು. ಯಾವ ಸಮಾಚಾರವನ್ನೂ ತರಲಿಲ್ಲ. ಇಲಿಂಗ್‌ವರ್ತ್ ಟೀಚರಿಗಾಗಿ ಸುತ್ತ ನೋಡಿದ. ಇಲ್ಲ.

"ಟೀಚರೆಲ್ಲಿ?"

"ಜೋರು ನೆಗಡಿ ಅಂತೆ, ಮಲಗಿದಾರೆ," ಎಂದಳು ಫೀಬಿ. "ಯಾಕ್ರೀ, ನಿಮ್ ಮುಖ ಯಾಕೆ ಹಂಗಾಯ್ತು?"

ಎನಾಕನ ಬಾಡಿಗೆಯ ಮೂಗು ಹಾಸಿಗೆ ಹಿಡಿದಿತ್ತು!

ಅಷ್ಟರಲ್ಲಿ ಜನ ಸುತ್ತುಗಟ್ಟಿದರು. "ನಂಗೂ ಬಂತು ವಾಸನೆ." "ನಂಗೂ." ಪಾದ್ರಿಗಳು ಕರವಸ್ತ್ರ ಮೂಗಿಗೆ ಹಿಡಿದರು. ಎಲ್ಲರೂ ಎನಾಕನ ಮುಖವನ್ನೇ ನೋಡುತ್ತಿದ್ದರು. ಅವನು ಜಾಣತನ ಮಾಡಿದ.

"ನಂಗೆ ಗೊತ್ತಾಗಿದೆ. ಆದ್ರೂ ನಿಮ್ಮ ಬಾಯಿಂದ ಬರ್ಲಿ. ಹೇಗಿದೆ, ಒಬ್ಬೊಬ್ಬರಾಗಿ ಹೇಳಿ."

"ಈರುಳ್ಳಿ ಥರ ಇದೆ," ಎಂದಳು ಫೀಬಿ.

"ಈರುಳ್ಳಿ ಅಲ್ಲ ಕಣೇ," ಎಂದರು ಅತ್ತೆ. "ಈರುಳ್ಳಿಗೆ ಸಿಟ್ಟು ಬಂದ ಹಾಗಿದೆ. ಗಂಟಲಿಗೆ ಇಳಿಯುತ್ತೆ. ನನ್ನ ಜನ್ಮದಲ್ಲಿ ಇಂಥಾ ವಾಸನೆ ಕಂಡಿಲ್ಲ."

ಈರುಳ್ಳಿ. ಆದರೆ ಈರುಳ್ಳಿಯಲ್ಲ. ಈರುಳ್ಳಿಯ ದಾಯಾದಿ! ಎನಾಕನ ತಲೆಯಲ್ಲಿ ಬೋಧಕನ ಮಾತು ಸಿಡಿಲಿನಂತೆ ಬಡಿಯಿತು. ಕೈ ಕರ್ತವ್ಯ ಮರೆಯಲಿಲ್ಲ. ಗಿಲಕಿಯನ್ನು ಸೊಂಟದಿಂದ ಕಿತ್ತು ತಲೆಯ ಮೇಲೆತ್ತಿ ಗರಗರ ತಿರುಗಿಸಿದ.

"ಸಾಸಿವೆ ಅನಿಲ! ಮಾಸ್ಕ್ ಹಾಕ್ಕೊಳ್ಳಿ! ಓಡಬೇಡಿ! ಓಡಿ!"

ಈ ಎರಡು ಆಜ್ಞೆಗಳನ್ನೂ ಜನ ಏಕಕಾಲಕ್ಕೆ ಪಾಲಿಸಿದರು. ಎಲ್ಲರ ಹೆಗಲಲ್ಲಿದ್ದ ಮಾಸ್ಕಿನ ರಟ್ಟಿನ ಪೆಟ್ಟಿಗೆಗಳು ತೆರೆದುಕೊಂಡವು. ಕ್ಷಣದಲ್ಲಿ ಬೆಕ್ ಬೀದಿಯಲ್ಲಿ ಮನುಷ್ಯರು ಮಾಯವಾಗಿ, ರಬ್ಬರ್ ಮೂತಿಯ ಪ್ರಾಣಿಗಳು ಒಂದಕ್ಕೊಂದು ಡಿಕ್ಕಿ ಹೊಡೆಯತೊಡಗಿದವು. ಯಾರು ಯಾರ ಗಂಡ, ಯಾರು ಯಾರ ಹೆಂಡತಿ ಎಂದು ತಿಳಿಯುವಂತಿರಲಿಲ್ಲ. ಪಾದ್ರಿಗಳು ಏನೋ ಪ್ರಾರ್ಥನೆ ಹೇಳಿದರು. ಹೊರಗೆ ಕೇಳಿದ್ದು ಬುಸ್, ಬುಸ್ ಎಂದು ಮಾತ್ರ. ಅತ್ತೆಯದು ಬೇರೆಯೇ ಸಮಸ್ಯೆ. ಅವರ ಭಾನುವಾರದ ಟೊಪ್ಪಿಯ ಮೇಲೆ ಮಾಸ್ಕ್ ಕೂರದು, ಬೀದಿಯಲ್ಲಿ ಟೊಪ್ಪಿ ತೆಗೆಯುವುದು ಅವರಿಗೆ ಆಗದು.

"ಸಾಯೋದಾದ್ರೂ ಮರ್ಯಾದೆಯಿಂದ ಸಾಯ್ತೀನಿ," ಎಂದು ಅವರು ಛತ್ರಿಯೂರಿ ಕಲ್ಲುಕಟ್ಟೆಯ ಮೇಲೆ ಕೂತರು.

ಮಾಲಿನ್ಸನ್ ತನ್ನ ಶುದ್ಧೀಕರಣ ದಳದೊಂದಿಗೆ ಧಾವಿಸಿದ. ಎಣ್ಣೆಬಟ್ಟೆಯ ಅಂಗಿ, ಮಂಡಿಯುದ್ದದ ಬೂಟು, ನೀರಿನ ಕೊಳವೆ. ತರಬೇತಿ ಪಡೆದು ತಿಂಗಳುಗಟ್ಟಲೆ ಕೈ ತುರಿಸಿಕೊಂಡು ಕಾದವರು. ಅವರಿಗೆ ಬೇಕಾಗಿದ್ದುದು ಒಂದು ನೆವ.

"ಸಗ್ಡನ್! ಖಾತ್ರಿ ಏನಯ್ಯಾ?"

"ಖಾತ್ರಿ," ಎಂದ ಎನಾಕ್. ಇಷ್ಟಾದ ಮೇಲೆ ಇನ್ನೇನು ಹೇಳಬಲ್ಲ?

"ಹಾಗಾದ್ರೆ ಎಲ್ಲರ ಮೈಮೇಲೂ ವಿಷ ಕೂತಿದೆ! ಮೇಲಿನ ಬಟ್ಟೆ ಬಿಚ್ಚಿ! ಒಬ್ಬೊಬ್ಬರಾಗಿ ನೀರಿಗೆ ಬನ್ನಿ!"

ಸ್ಕೆಲ್‌ಬಿಯ ಗಣ್ಯರು ಭಾನುವಾರದ ಬಟ್ಟೆ ಕಳಚಿ ಬೀದಿಗೆ ರಾಶಿ ಹಾಕಿದರು. ಪಾದ್ರಿಗಳ ಒಳ ಉಡುಪು ಎಷ್ಟು ತೇಪೆ ಕಂಡಿದೆ ಎಂಬುದು ಸಾರ್ವಜನಿಕರಿಗೆ ತಿಳಿಯಿತು. ಉಣ್ಣೆ ಗಿರಣಿಯ ಮಾಲೀಕರ ಹೆಂಡತಿ, "ಗಂಡಸರು ಆ ಕಡೆ ತಿರುಗಿ!" ಎಂದು ಮಾಸ್ಕಿನೊಳಗಿಂದ ಕೂಗಿದ್ದು ಯಾರಿಗೂ ಅರ್ಥವಾಗದೆ, ಗಂಡಸರು ಏನೆಂದು ಕೇಳಲು ಅವರ ಕಡೆಗೇ ತಿರುಗಿದರು. ನೀರು ಚಿಮ್ಮಿತು. ಹಾಯ್ ಎಂದರು, ಹೋಯ್ ಎಂದರು. ಕೊಳವೆ ಕಟ್ಟೆಯ ಕಡೆ ಹೊರಳಿದಾಗ ಅತ್ತೆ ಛತ್ರಿ ಬಿಚ್ಚಿ ಗುರಾಣಿಯಂತೆ ಹಿಡಿದರು.

"ಜಾಬ್ ಮಾಲಿನ್ಸನ್! ನೀನು ಕೊಟ್ಟ ಸಾಸೇಜಲ್ಲಿ ಬರೀ ಬ್ರೆಡ್ಡಿನ ಪುಡಿ ಇತ್ತು. ನಾನು ಯಾರಿಗೂ ಹೇಳಿಲ್ಲ. ಆ ನೀರು ನನ್ನ ಟೊಪ್ಪಿಗೆ ಮುಟ್ಟಿದ್ರೆ ಊರಿಗೆಲ್ಲ ಹೇಳ್ತೀನಿ!"

ನೀರು ಮುಟ್ಟಿತು. ಅವರು ಹೇಳಿದರು. ಆದರೆ ಕೇಳುವವರೆಲ್ಲ ಕಿವಿಯವರೆಗೆ ರಬ್ಬರಿನೊಳಗಿದ್ದರು.

ಈ ಗದ್ದಲದ ನಡುವೆ ಫೀಬಿ ಗಂಡನ ತೋಳು ಹಿಡಿದು ಜಗ್ಗಿದಳು. ಮಾಸ್ಕನ್ನು ಒಂದಿಷ್ಟು ಎತ್ತಿ, "ರೀ! ಟೀಚರ್ ಮನೆ ನೋಡಿ!" ಎಂದಳು.

ಎಲ್ಲರೂ ನೋಡಿದರು. ಬೀದಿಯ ತುದಿಯ ಆ ಮನೆಯಿಂದ ಯಾರೂ ಹೊರಗೆ ಬಂದಿರಲಿಲ್ಲ. ಒಳಗೆ ನೆಗಡಿ ಹಿಡಿದು ಮಲಗಿದ ಟೀಚರಿದ್ದರು. ಅವರ ಜೊತೆ ಮಾಯ್ತೆ ಇದ್ದಳು. ಮಾಯ್ತೆ ಎಂದರೆ ಮೂರು ವರ್ಷದ ಕೆಳಗೆ ಸ್ಪೇನಿನ ಕದನದಲ್ಲಿ ಊರು ಸುಟ್ಟುಹೋಗಿ, ಅಲ್ಲಿನ ಮಕ್ಕಳನ್ನು ಹಡಗಿನಲ್ಲಿ ಕರೆತಂದ ಬಾಸ್ಕ್ ಸೀಮೆಯ ಹೆಂಗಸು. ಮಕ್ಕಳು ಒಬ್ಬೊಬ್ಬರಾಗಿ ಹಿಂದಿರುಗಿದರು. ಹಿಂದಿರುಗಲು ಯಾರೂ ಉಳಿದಿರದ ಇವಳು ಗಿರಣಿಯಲ್ಲಿ ಕೆಲಸ ಹಿಡಿದು ಟೀಚರ ಮನೆಯಲ್ಲಿ ಉಳಿದಳು.

"ಆ ಮನೆ ಹತ್ರಾನೇ ವಾಸನೆ ಜೋರು," ಎಂದ ಮಾಲಿನ್ಸನ್. ಅವನ ಸ್ವರ ಇಳಿದಿತ್ತು. "ಬಾಂಬು ಹಿತ್ತಲಲ್ಲೇ ಬಿದ್ದಿರ್ಬೇಕು. ಪಾಪ, ಇಬ್ಬರೂ..."

ರಬ್ಬರ್ ಮೂತಿಗಳೆಲ್ಲ ನಿಧಾನವಾಗಿ ಎನಾಕನ ಕಡೆ ತಿರುಗಿದವು. ಅನಿಲ ಇರುವ ಕಡೆ ಮೊದಲು ಹೋಗಬೇಕಾದವನು ಅನಿಲ ಪರೀಕ್ಷಕ. ಹೌದು, ನಿಯಮವೇ ಹಾಗಿತ್ತು.

"ನಿಮ್ಮ ಮಾಸ್ಕ್ ಎಲ್ರೀ?" ಎಂದಳು ಫೀಬಿ.

"ಪೆಟ್ಟಿಗೇಲಿದೆ."

"ಪೆಟ್ಟಿಗೇಲಿ ಸ್ಯಾಂಡ್‌ವಿಚ್ ಇದೆ. ನಾನೇ ಇಟ್ಟಿದ್ದು. ಮಾಸ್ಕ್ ಮನೇಲಿ ಗೂಟಕ್ಕೆ ನೇತಾಡ್ತಿದೆ!" ಅವಳು ತನ್ನ ಮಾಸ್ಕನ್ನು ಕಿತ್ತು ಅವನ ಕೈಗೆ ತುರುಕಿದಳು. "ತಗೊಳ್ಳಿ ಇದನ್ನ."

ಎನಾಕ್ ಅವಳ ಮುಖ ನೋಡಿದ. ಬೆವರಿನಿಂದ ಕೂದಲು ಹಣೆಗಂಟಿತ್ತು. ಅವನು ಅವಳ ಮಾಸ್ಕನ್ನು ತಲೆಕೆಳಗಾಗಿ ಅವಳ ಮುಖಕ್ಕೇ ಸಿಕ್ಕಿಸಿ, ಶುದ್ಧೀಕರಣ ದಳದ ಬಕೆಟ್ಟಿನಲ್ಲಿ ಕರವಸ್ತ್ರ ಅದ್ದಿ, ಬಾಯಿಗೆ ಕಟ್ಟಿಕೊಂಡು ಓಡಿದ. ಮಂಡಿ ನೆಟ್ಟಗಿಲ್ಲದವನು ಓಡುವುದನ್ನು ನೋಡಿದರೆ ಬೇರೆ ದಿನವಾಗಿದ್ದರೆ ಜನ ನಗುತ್ತಿದ್ದರು. ಅಂದು ಒಬ್ಬರೂ ನಗಲಿಲ್ಲ. ಅವನು ಸಾಯಲು ಹೋಗುತ್ತಿದ್ದಾನೆಂದು ಅವರೂ ನಂಬಿದ್ದರು, ಅವನೂ ನಂಬಿದ್ದ.

ಬಾಗಿಲು ತಳ್ಳಿ, ಕಣ್ಣು ಮುಚ್ಚಿ, ನಡುಮನೆ ದಾಟಿ, ಕುರ್ಚಿಯೊಂದನ್ನು ಉರುಳಿಸಿ, ಅಡುಗೆಮನೆಗೆ ನುಗ್ಗಿದ.

"ಸಗ್ಡನ್ ಅವ್ರೇ, ಕಾಲೊರೆಸ್ಕೊಂಡು ಬನ್ನಿ. ಈಗ ತಾನೆ ನೆಲ ಒರೆಸಿದೀನಿ."

ಎನಾಕ್ ಕಣ್ಣು ಬಿಟ್ಟ. ಮಾಯ್ತೆ ಒಲೆಯ ಮುಂದೆ ಸೌಟು ಹಿಡಿದು ನಿಂತಿದ್ದಳು. ಕೆನ್ನೆ ಕೆಂಪಗಿತ್ತು. ಆರೋಗ್ಯವಾಗಿದ್ದಳು.

"ನೀವು... ಸತ್ತಿಲ್ವಾ?"

"ಇನ್ನೂ ಇಲ್ಲ. ಯಾಕೆ, ಏನಾಯ್ತು?"

"ಗಿಲಕಿ ಕೇಳಿಸ್ಲಿಲ್ವಾ ನಿಮಗೆ?"

"ಕೇಳಿಸ್ತು. ಫುಟ್‌ಬಾಲ್ ಪಂದ್ಯದಲ್ಲಿ ಹಿಂಗೇ ತಿರುಗಿಸ್ತಾರಲ್ಲ, ನಿಮ್ಮೂರು ಗೆದ್ದಿತೇನೋ ಅಂದ್ಕೊಂಡೆ. ನಮ್ಮೂರಲ್ಲಿ ವಿಮಾನ ಬಂದಾಗ ಚರ್ಚಿನ ಗಂಟೆ ಬಾರಿಸ್ತಿದ್ರು."

"ಅನಿಲ! ವಿಷಾನಿಲ! ಬೀದಿಯೆಲ್ಲ ತುಂಬಿದೆ!"

ಮಾಯ್ತೆಯ ಮುಖದ ಕೆಂಪು ಒಂದೇ ಸಲಕ್ಕೆ ಇಳಿದುಹೋಯಿತು. ಸೌಟು ಕೈತಪ್ಪಿ ಬಿತ್ತು. ಮೊದಲು ಮಹಡಿಯ ಮೆಟ್ಟಿಲ ಕಡೆ ಓಡಿದಳು, ಟೀಚರನ್ನು ಎತ್ತಿ ತರಲು. ಎರಡು ಮೆಟ್ಟಿಲೇರಿ ನಿಂತು, ಮೂಗರಳಿಸಿ ಗಾಳಿ ಮೂಸಿದಳು. ಇನ್ನೊಮ್ಮೆ ಮೂಸಿದಳು.

"ವಾಸನೆ ಹೇಗಿದೆ ಅಂದ್ರಿ?"

"ಬೆಳ್ಳುಳ್ಳಿ ಥರ."

ಅವಳು ಇಳಿದು ಬಂದು, ಮೇಜಿನ ಮೇಲಿದ್ದ ಬಿಳಿಯ ಗಡ್ಡೆಯೊಂದನ್ನು ಎತ್ತಿ ಅವನ ಮೂಗಿನ ಮುಂದೆ ಹಿಡಿದಳು. "ಈ ಥರಾನಾ?"

"ಅದೇನದು?"

"ಬೆಳ್ಳುಳ್ಳಿ."

ಎನಾಕ್ ಉರುಳಿದ ಕುರ್ಚಿಯನ್ನು ನೆಟ್ಟಗೆ ಮಾಡಿ ಅದರ ಮೇಲೆ ಕೂತ.

ವಿಷಯ ಇಷ್ಟೇ. ಹಲ್ ಬಂದರಿನ ನಾವಿಕನೊಬ್ಬನಿಂದ ಸಿಕ್ಕ ನಾಲ್ಕು ಎಸಳನ್ನು ಮಾಯ್ತೆ ಚಳಿಗಾಲಕ್ಕೆ ಮುಂಚೆ ಹಿತ್ತಲಲ್ಲಿ ಊರಿದ್ದಳು. ನೆಲ ಒಪ್ಪಿ, ಗಿಡ ಬಂದು, ಆ ವಾರ ಕಿತ್ತಿದ್ದಳು. ಟೀಚರ ನೆಗಡಿಗೆ ಬೆಳ್ಳುಳ್ಳಿ ಸಾರಿಗಿಂತ ಮದ್ದುಂಟೆ? ಧಾರಾಳವಾಗಿ ಜಜ್ಜಿ, ಇದ್ದಬದ್ದ ಕೊಬ್ಬಿನಲ್ಲಿ ಹುರಿದು, ಕಿಟಕಿಗಳನ್ನೆಲ್ಲ ತೆರೆದಿಟ್ಟಿದ್ದಳು.

"ಯಾರು ಮಾಯ್ತೆ, ಬಂದಿದ್ದು?" ಎಂದು ಮಹಡಿಯಿಂದ ಕಟ್ಟಿದ ಮೂಗಿನ ಸ್ವರ ಬಂತು.

"ಸಗ್ಡನ್ ಅವ್ರು, ಟೀಚರ್."

"ನನ್ನನ್ನ ಏನೂ ಕೇಳ್ಬೇಡ ಅಂತ ಹೇಳು ಅವನಿಗೆ. ನಂಗಿವತ್ತು ಏನೂ ವಾಸನೆ ತಿಳೀತಿಲ್ಲ."

ಇಬ್ಬರೂ ಹೊರಗೆ ಬಂದಾಗ ಬೀದಿ ಮೊದಲು ಜಯಘೋಷ ಮಾಡಿತು. ಬದುಕಿದ್ದಾರೆ! ಮಾಸ್ಕುಗಳು ಕಳಚಿದವು. ಎನಾಕ್ ಸತ್ಯವನ್ನು ಆದಷ್ಟು ಸಣ್ಣ ದನಿಯಲ್ಲಿ ಹೇಳಿದ: "ಅನಿಲ ಅಲ್ಲ. ಸಾರು."

ಜಯಘೋಷ ನಿಂತಿತು. ತೊಟ್ಟಿಕ್ಕುವ ಸದ್ದು ಮಾತ್ರ ಉಳಿಯಿತು. ಜನ ತಮ್ಮನ್ನು ತಾವು ನೋಡಿಕೊಂಡರು: ಒದ್ದೆ ಒಳ ಉಡುಪು, ಕೆಸರಿನಲ್ಲಿ ಭಾನುವಾರದ ಕೋಟು. ಮನೆಮನೆಯ ಒಲೆಯಲ್ಲಿ ಊಟ ಸೀದು ಹೊಗೆ ಏಳುತ್ತಿತ್ತು. ತಿಂಗಳುಗಟ್ಟಲೆ ಕಾದ ಜನ. ಕೊನೆಗೂ ಏನೋ ಬಂತೆಂದರೆ ಬಂದದ್ದು ಸಾರು! ಆ ಸಿಟ್ಟಿಗೆ ಯಾರಾದರೊಬ್ಬರು ಬೇಕಿತ್ತು. ಕಣ್ಣುಗಳು ಮಾಯ್ತೆಯ ಮೇಲೆ ಹೋದವು.

"ಪರದೇಶದೋಳು," ಎಂದು ಯಾರೋ ಹಿಂದಿನಿಂದ ಅಂದರು. "ವಿಷದ ವಾಸನೆ ಬರೋ ಪದಾರ್ಥ ಬೆಳೆಯೋದು ಯಾಕಂತೆ?" "ಬೇಕಂತಲೇ ಮಾಡಿದಾಳೆ." ಬೂಟಿನೊಳಗೆ ನೀರು ತುಂಬಿಕೊಂಡಿದ್ದ ಕಾನ್‌ಸ್ಟೇಬಲ್ ಪಚಪಚ ಸದ್ದು ಮಾಡುತ್ತ ಮುಂದೆ ಬಂದ.

"ನಡಿಯಮ್ಮ ಠಾಣೆಗೆ. ಅಲ್ಲಿ ವಿಚಾರ್ಸೋಣ."

ಮಾಯ್ತೆ ಮುಂಗೈ ಮೇಲಿದ್ದ ಜಿಡ್ಡಿನ ಕಲೆಯನ್ನು ಒರೆಸಿಕೊಂಡು, ಒರೆಸಿದ್ದನ್ನೇ ಮತ್ತೆ ಮತ್ತೆ ಒರೆಸುತ್ತ ನಿಂತಳು.

ಮಾಲಿನ್ಸನ್ ಎನಾಕನ ಬೆನ್ನ ಮೇಲೆ ಕೈಯಿಟ್ಟ. "ನಿನ್ನ ತಪ್ಪಿಲ್ಲ ಬಿಡಯ್ಯಾ ಸಗ್ಡನ್. ಎಂಥಾ ಮೂಗಾದ್ರೂ ಮೋಸ ಹೋಗ್ತಿತ್ತು. ಆ ವಾಸನೆ ಈ ವಾಸನೆ ಎರಡೂ ಒಂದೇ ಅಂತ ನೀನು ಹೇಳ್ಬಿಡು, ಮುಗೀತು. ಏನು? ಒಂದೇ ಥರ ಇತ್ತಲ್ವಾ?"

ದಾರಿ ಸಲೀಸಾಗಿತ್ತು. "ಹೌದು" ಎಂದರೆ ಉಕ್ಕಿನ ಟೊಪ್ಪಿಯೂ ಉಳಿಯುತ್ತಿತ್ತು, ಊಟದ ತಟ್ಟೆಯ ದೊಡ್ಡ ತುಂಡೂ ಉಳಿಯುತ್ತಿತ್ತು. ಎನಾಕ್ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಾಯಿಸಿದ. ಮತ್ತೆ ಬದಲಾಯಿಸಿದ. ಅತ್ತೆ ಒದ್ದೆ ಟೊಪ್ಪಿಯ ಕೆಳಗಿನಿಂದ ದಿಟ್ಟಿಸುತ್ತಿದ್ದರು.

"ಗೊತ್ತಿಲ್ಲ," ಎಂದ.

"ಗೊತ್ತಿಲ್ಲ ಅಂದ್ರೆ?"

"ನಂಗೆ ಯಾವ ವಾಸನೇನೂ ಬರ್ಲಿಲ್ಲ ಜಾಬ್. ಯಾವತ್ತೂ ಬರಲ್ಲ. ಇಪ್ಪತ್ತೈದು ವರ್ಷದಿಂದ ನನ್ನ ಮೂಗು ಸತ್ತಿದೆ. ನಶ್ಯ. ಅವತ್ತು ತರಗತೀಲಿ ಟೀಚರ್ ಹೇಳಿಕೊಟ್ರು, ನಾನು ಕೂಗಿದೆ. ಇವತ್ತು ಅತ್ತೆ ಹೇಳಿದ್ರು, ನಾನು ಗಿಲಕಿ ತಿರುಗಿಸಿದೆ. ಠಾಣೆಗೆ ಹೋಗ್ಬೇಕಾದ್ದು ನಾನು. ಅವ್ರು ನೆಗಡಿಗೆ ಸಾರು ಮಾಡ್ತಿದ್ರು."

ಯಾರೂ ನಂಬಲಿಲ್ಲ. ಇಷ್ಟು ದೊಡ್ಡ ಸುಳ್ಳನ್ನು ಎನಾಕ್ ಸಗ್ಡನ್‌ನಂಥವನು ನಿಭಾಯಿಸಿದನೆಂದರೆ ನಂಬುವುದು ಹೇಗೆ? ಅತ್ತೆ ಎದ್ದು ಬಂದು, ಕೈಚೀಲದಿಂದ ತಲೆಸುತ್ತು ಬಂದಾಗ ಮೂಸುವ ಘಾಟು ಉಪ್ಪಿನ ಸೀಸೆ ತೆಗೆದು, ಬಿರಡೆ ಕಿತ್ತು ಅಳಿಯನ ಮೂಗಿನೊಳಗೇ ಸೇರಿಸಿದಂತೆ ಹಿಡಿದರು. ಪಕ್ಕದಲ್ಲಿ ನಿಂತ ಪಾದ್ರಿಗಳ ಕಣ್ಣಲ್ಲಿ ನೀರು ಬಂತು. ಕಾನ್‌ಸ್ಟೇಬಲ್ ಹಿಂದೆ ಸರಿದ. ಎನಾಕ್ ಮಾತ್ರ ಬೇಲಿಗೂಟದಂತೆ ನಿಂತಿದ್ದ.

"ಅಯ್ಯೋ ದೇವ್ರೇ," ಎಂದರು ಅತ್ತೆ. "ಈ ಮೂಗು ಇರೋದು ಕನ್ನಡಕ ಕೂರಿಸೋಕೆ ಮಾತ್ರ."

ಮೊದಲು ನಕ್ಕವಳು ಫೀಬಿ. ತಲೆಕೆಳಗಾದ ಮಾಸ್ಕು ಇನ್ನೂ ಅವಳ ಕುತ್ತಿಗೆಯಲ್ಲಿತ್ತು. ನಗುತ್ತ ನಗುತ್ತ ಅತ್ತಳು, ಅಳುತ್ತ ಗಂಡನ ಎದೆಗೆ ಎರಡು ಗುದ್ದಿದಳು. "ಮಾಸ್ಕಿಲ್ದೆ ಹೋದ್ರಲ್ಲಾ! ಮಾಸ್ಕಿಲ್ದೆ!" ಆಮೇಲೆ ಮಾಲಿನ್ಸನ್ ನಕ್ಕ. ನಗು ಬೀದಿಯುದ್ದಕ್ಕೂ ಹಬ್ಬಿತು. ಕಾನ್‌ಸ್ಟೇಬಲ್ ಮಾತ್ರ ಕಾನೂನು ನಗುವಂತಿಲ್ಲವೆಂದು ಗಂಭೀರವಾಗಿದ್ದು, "ಆ ಪದಾರ್ಥವನ್ನ ಸಾಕ್ಷಿಯಾಗಿ ನೋಡ್ಬೇಕು," ಎಂದು ಅಡುಗೆಮನೆಗೆ ಹೋದ. ಬಹಳ ಹೊತ್ತು ಬರಲಿಲ್ಲ. ಬಂದಾಗ ಮೀಸೆ ಒರೆಸಿಕೊಳ್ಳುತ್ತಿದ್ದ. "ಅಪಾಯಕಾರಿ ಅಲ್ಲ," ಎಂದು ತೀರ್ಪು ಕೊಟ್ಟ.

ಮರುವಾರ ವಾರ್ಡನ್‌ಗಳ ಸಭೆಯಲ್ಲಿ ಎನಾಕ್ ಟೊಪ್ಪಿ, ಗಿಲಕಿ, ಗಂಟೆ ಮೂರನ್ನೂ ಮೇಜಿನ ಮೇಲಿಟ್ಟ. ಅನಿಲ ಪರೀಕ್ಷಕಿಯಾಗಿ ಇಲಿಂಗ್‌ವರ್ತ್ ಟೀಚರನ್ನು ಆರಿಸಿದರು. ಎನಾಕ್ ಹೊರಡಲು ಎದ್ದಾಗ ಮಾಲಿನ್ಸನ್, "ಕೂತ್ಕೊಳಯ್ಯಾ," ಎಂದ. "ಊರಿಗೆ ನಿನ್ನಂಥೋನು ಒಬ್ಬ ಬೇಕಾಗಿದ್ದ. ನಾವು ತಪ್ಪು ಕೆಲಸ ಕೊಟ್ವಿ ಅಷ್ಟೇ."

ಗಿರಣಿಯ ನೆಲಮಾಳಿಗೆಯಲ್ಲಿ ಇಡೀ ಬೀದಿಗೆಂದು ಬಾಂಬಿನಿಂದ ಅಡಗುವ ಆಸರೆ ಸಿದ್ಧವಾಗಿತ್ತು. ಬೆಂಚು, ದೀಪ, ಕಂಬಳಿ ಎಲ್ಲ ಇದ್ದವು. ಮೂಲೆಯಲ್ಲಿ ಗೋಣಿಪರದೆಯ ಹಿಂದೆ ಶೌಚಕ್ಕೆಂದು ಬಕೆಟ್ಟುಗಳಿದ್ದವು. ತಾಲೀಮಿಗೆಂದು ಜನ ಬಂದು ಹೋಗಿ, ಆ ಬಕೆಟ್ಟುಗಳನ್ನು ತೆಗೆಯುವವರಿಲ್ಲದೆ ನೆಲಮಾಳಿಗೆಯೆಲ್ಲ ಗಬ್ಬು ನಾರಿ, ಬಾಂಬು ಬಿದ್ದರೂ ಸರಿ ಅಲ್ಲಿಗೆ ಹೋಗೆವು ಎಂದು ಬೀದಿಯವರು ಹಟ ಹಿಡಿದಿದ್ದರು. ಆ ಕೆಲಸಕ್ಕೆ ನಿಂತ ಗಟ್ಟಿಗರೆಲ್ಲ ಬಾಗಿಲಲ್ಲೇ ಬವಳಿ ಬಂದು ಬಿದ್ದಿದ್ದರು.

ಎನಾಕ್ ಕೋಟು ಕಳಚಿ, ತೋಳು ಮಡಚಿ ಒಳಗೆ ಹೋದ. ಹಾಡು ಗುನುಗುತ್ತ ಕೆಲಸ ಮಾಡಿದ. ಸುಣ್ಣ ಬಳಿದ, ನೆಲ ತಿಕ್ಕಿದ, ಮರುದಿನ ಮತ್ತೆ ಹೋದ, ಅದರ ಮರುದಿನವೂ. "ಏನ್ ಕೆಲಸ ನಿಮ್ಮ ಯಜಮಾನ್ರದು?" ಎಂದು ಕೇಳಿದವರಿಗೆ ಫೀಬಿ, "ನೆಲಮಾಳಿಗೆಯ ಉಸ್ತುವಾರಿ" ಎಂದಳು. ಆದರೆ ತಟ್ಟೆಯ ದೊಡ್ಡ ತುಂಡು ಮತ್ತೆ ಅತ್ತೆಯ ಕಡೆಗೇ ಸರಿದಿತ್ತು.

ಆಗಸ್ಟ್ ಕೊನೆಯ ಒಂದು ಮಧ್ಯಾಹ್ನ ನಿಜವಾದ ಸೈರನ್ ಕೂಗಿತು. ತಾಲೀಮಲ್ಲ ಎಂದು ಅದರ ಉದ್ದದಿಂದಲೇ ತಿಳಿಯಿತು. ಬೀದಿಯವರೆಲ್ಲ ನೆಲಮಾಳಿಗೆಗೆ ಇಳಿದು ಬೆಂಚುಗಳ ಮೇಲೆ ಒತ್ತಾಗಿ ಕೂತರು. ಮಾಲಿನ್ಸನ್ ಬಾಗಿಲೆಳೆದ. ತುಸು ಹೊತ್ತಿಗೆ ಮೇಲೆ, ಎಲ್ಲೋ ದೂರದಲ್ಲಿ, ಎಂಜಿನ್ನುಗಳ ಮೊರೆತ ಶುರುವಾಗಿ ಹತ್ತಿರವಾಗುತ್ತ ಬಂತು. ಮಾಯ್ತೆಯ ಪಕ್ಕದಲ್ಲಿ ಕೂತ ಫೀಬಿ ಅವಳ ಕೈ ಹಿಡಿದುಕೊಂಡಳು. ಪಾದ್ರಿಗಳ ತುಟಿ ಅಲುಗುತ್ತಿತ್ತು. ದೂರದಲ್ಲಿ ಏನೋ ಬಿದ್ದು ನೆಲ ಅದುರಿತು. ದೀಪ ತೂಗಾಡಿತು. ಗೋಡೆಯ ಸುಣ್ಣ ಹೆಗಲ ಮೇಲೆ ಉದುರಿತು.

ಎಲ್ಲರಿಗೂ ಒಂದೇ ಯೋಚನೆ. ಒಬ್ಬರನ್ನೊಬ್ಬರು ನೋಡಿದರು, ಆಮೇಲೆ ಮೂಗು ಮೇಲೆತ್ತಿ, ಉಸಿರೆಳೆಯಲೂ ಹೆದರಿ, ಬಿಡಲೂ ಹೆದರಿ ಕೂತರು. ಅಭ್ಯಾಸಬಲದಿಂದ ನಾಲ್ಕಾರು ಮುಖಗಳು ಎನಾಕನ ಕಡೆ ತಿರುಗಿದವು. ಅವನು ಕೈಯಾಡಿಸಿದ. "ನನ್ನ ಕೇಳ್ಬೇಡ್ರಪ್ಪಾ."

ಆಗ ಅತ್ತೆ ಬೆನ್ನು ನೆಟ್ಟಗೆ ಮಾಡಿದರು. ಬಾಗಿಲ ಕಡೆ ಮುಖ ಮಾಡಿ ದೀರ್ಘವಾಗಿ ಮೂಸಿದರು. ಗೋಣಿಪರದೆಯ ಮೂಲೆಯ ಕಡೆ ತಿರುಗಿ ಇನ್ನೂ ದೀರ್ಘವಾಗಿ ಮೂಸಿದರು. ಇಡೀ ನೆಲಮಾಳಿಗೆ ಉಸಿರು ಹಿಡಿದು ಕಾಯಿತು.

"ಅಳಿಯಂದಿರೇ," ಎಂದರು ಅತ್ತೆ, "ಎಲ್ಲೂ ಏನೂ ವಾಸನೆ ಇಲ್ಲ."

ಮದುವೆಯಾದಂದಿನಿಂದ ಅವರು ಅಳಿಯನಿಗೆ ಕೊಟ್ಟ ಮೊದಲ ಪ್ರಶಂಸಾಪತ್ರ ಅದು. ಎನಾಕ್ ಸಗ್ಡನ್ ಉಕ್ಕಿಲ್ಲದ, ಬರಿಯ ಬಟ್ಟೆಯ ಟೊಪ್ಪಿಯನ್ನು ತಲೆಯಿಂದ ತೆಗೆದು ಅವರಿಗೆ ವಂದಿಸಿ, ಮತ್ತೆ ಹಾಕಿಕೊಂಡ.